ರಾತ್ರಿ ಮಲಗೋದು ಎಲ್ಲಿ?

ಟ್ರೆಕ್ ನಡೆಸುವವರು ಕಳಿಸುವ ಪಿಡಿಎಫ್‌ನಲ್ಲಿ ಒಂದು ಗ್ರಾಫ್ ಇದ್ದೇ ಇರುತ್ತದೆ. ಏರಿ ಇಳಿಯುವ ಗೆರೆ, ಅದರ ತುತ್ತತುದಿಯಲ್ಲಿ ಕೆಂಪು ಚುಕ್ಕೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಎತ್ತರ. ಎಲ್ಲರ ಕಣ್ಣು ಹೋಗುವುದು ಅಲ್ಲಿಗೇ. ಆಫೀಸಿನಲ್ಲಿ, ಮದುವೆಮನೆಯಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೇಳಿಕೊಳ್ಳುವುದೂ ಆ ಸಂಖ್ಯೆಯನ್ನೇ. ನಾನು ಈಚೆಗೆ ಆ ಚುಕ್ಕೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ಹುಡುಕುವುದು ಕ್ಯಾಂಪ್‌ಗಳ ಎತ್ತರವನ್ನು. ಅದು ಸಣ್ಣಕ್ಷರದಲ್ಲಿರುತ್ತದೆ, ಕೆಲವು ಸಲ ಇರುವುದೇ ಇಲ್ಲ. ಯಾವ ರಾತ್ರಿ ಎಲ್ಲಿ ಮಲಗುತ್ತೇವೆ, ಹಿಂದಿನ ರಾತ್ರಿಗಿಂತ ಅದು ಎಷ್ಟು ಮೇಲಿದೆ ಎಂದು ಗೊತ್ತಾದರೆ ಆ ಟ್ರೆಕ್ಕಿನ ಅರ್ಧ ಜಾತಕ ಹೇಳಿಬಿಡಬಹುದು. ಹಗಲಿನಲ್ಲಿ ಮೇಲೆ ಹೋಗಿ ಸಂಜೆಗೆ ಇಳಿದುಬಿಟ್ಟರೆ ದೇಹ ಹೇಗೋ ಸಂಭಾಳಿಸುತ್ತದೆ. ಅದೇ ಎತ್ತರದಲ್ಲಿ ಇಡೀ ರಾತ್ರಿ ಮಲಗಿಸಿದರೆ ಲೆಕ್ಕ ಕೇಳುತ್ತದೆ.

ಮಾರ್ಖಾ ಕಣಿವೆಯ ದಾರಿ ಇಟ್ಟುಕೊಂಡೇ ಇದನ್ನು ಹೇಳುತ್ತೇನೆ. ಲಡಾಖಿನಲ್ಲಿ, ಲೇಹ್‌ಗೆ ದಕ್ಷಿಣದಲ್ಲಿ, ಹೆಮಿಸ್ ರಾಷ್ಟ್ರೀಯ ಉದ್ಯಾನದ ಒಳಗೆ ಹಾದುಹೋಗುವ ದಾರಿ ಅದು. ಹಗ್ಗ ಬೇಡ, ಹಿಮಕೊಡಲಿ ಬೇಡ, ನಡೆಯಲು ಬಂದರೆ ಸಾಕು. ಕಷ್ಟ ಇರುವುದು ಅಲ್ಲಿನ ತೆಳು ಗಾಳಿಯಲ್ಲಿ ಮಾತ್ರ. ಹಾಗಾಗಿ ಎತ್ತರ ಏನು ಮಾಡುತ್ತದೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ, ಬೇರೆ ಯಾವುದರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ.

ನನ್ನ ಜೊತೆ ಬಂದಿದ್ದವನು ಮೈಸೂರಿನ ಹಳೆಯ ಗೆಳೆಯ. ಹೊರಡುವ ಮುಂಚೆ ತಿಂಗಳುಗಟ್ಟಲೆ ತಯಾರಿ ಮಾಡಿದ್ದ. ಬೆನ್ನಿಗೆ ಭಾರ ಹಾಕಿಕೊಂಡು ಕುಮಾರ ಪರ್ವತ ಹತ್ತಿ, ಭಟ್ಟರ ಮನೆಯಲ್ಲಿ ಊಟ ಮಾಡಿ, ಕತ್ತಲಾಗುವ ಮೊದಲೇ ಕುಕ್ಕೆಗೆ ಇಳಿದುಬಿಡುತ್ತಿದ್ದ. ಕಾಲು ಗಟ್ಟಿ, ಮಂಡಿ ಗಟ್ಟಿ. ಅದರಿಂದ ಲಾಭ ಇಲ್ಲ ಅಂತಲ್ಲ. ಆದರೆ ಕುಮಾರ ಪರ್ವತ 1,712 ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ತಲೆನೋವು, ವಾಂತಿ ತರುವ ಎತ್ತರದ ಕಾಯಿಲೆ ಶುರುವಾಗುವುದು ಸುಮಾರು 2,500 ಮೀಟರ್‌ನಿಂದ ಮೇಲಕ್ಕೆ. ಅಂದರೆ ನಮ್ಮ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಹತ್ತಿ, ಎಷ್ಟು ಸಲ ಬೇಕಾದರೂ ಹತ್ತಿ, ಈ ಒಂದು ವಿಷಯಕ್ಕೆ ಅಭ್ಯಾಸ ಆಗುವುದಿಲ್ಲ. ಗಟ್ಟಿ ಕಾಲಿನವರಿಗೆ ಇನ್ನೊಂದು ತೊಂದರೆಯೂ ಇದೆ. ಅವರು ಬೇಗ ಮೇಲೆ ತಲುಪಿಬಿಡುತ್ತಾರೆ.

ದೆಹಲಿಯಲ್ಲಿ ವಿಮಾನ ಹತ್ತಿದರೆ ಒಂದೂವರೆ ಗಂಟೆಯೊಳಗೆ ಲೇಹ್. ಸಮುದ್ರಮಟ್ಟಕ್ಕಿಂತ ಇನ್ನೂರು ಚಿಲ್ಲರೆ ಮೀಟರ್ ಮೇಲಿದ್ದವರು ಸುಮಾರು 3,500 ಮೀಟರ್ ಎತ್ತರದ ಊರಿಗೆ ಬಂದಿರುತ್ತೇವೆ. ಅಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ, ಅದು ಬದಲಾಗುವುದಿಲ್ಲ. ಗಾಳಿಯ ಒತ್ತಡ ಮಾತ್ರ ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುತ್ತದೆ. 5,500 ಮೀಟರ್ ಹೊತ್ತಿಗೆ ಅರ್ಧ. ಒತ್ತಡ ಕಮ್ಮಿಯಾದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಮ್ಮಿ.

ದೇಹ ಮೊದಲು ಮಾಡುವ ಕೆಲಸ ಜೋರಾಗಿ ಉಸಿರಾಡುವುದು. ಕುತ್ತಿಗೆಯ ರಕ್ತನಾಳದ ಕವಲಿನಲ್ಲಿ ಒಂದು ಪುಟ್ಟ ಅಂಗ ಇದೆ. ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಅದು ಕಂಡುಹಿಡಿದು ಉಸಿರು ಜಾಸ್ತಿ ಮಾಡಿಸುತ್ತದೆ. ಜಾಸ್ತಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗುತ್ತದೆ. ಆಗ ರಕ್ತ ಕ್ಷಾರವಾಗುತ್ತದೆ, ಮೆದುಳು ಅದನ್ನು ಕಂಡು ಉಸಿರು ಕಮ್ಮಿ ಮಾಡು ಅನ್ನುತ್ತದೆ. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇಟ್ಟು ಗಾಡಿ ಓಡಿಸಿದ ಹಾಗೆ. ಈ ಜಗಳ ಬಿಡಿಸುವುದು ಮೂತ್ರಪಿಂಡ. ಬೈಕಾರ್ಬೋನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಸಮಕ್ಕೆ ತರುತ್ತದೆ. ಅದಕ್ಕೆ ಕೆಲವು ದಿನ ಬೇಕು, ಗಂಟೆಗಳಲ್ಲಿ ಮುಗಿಯುವ ಕೆಲಸ ಅಲ್ಲ. ಎತ್ತರದಲ್ಲಿ ಮತ್ತೆ ಮತ್ತೆ ಒಂದಕ್ಕೆ ಹೋಗಬೇಕಾಗುವುದು ಅದಕ್ಕೇ. ರಾತ್ರಿ ಎರಡು ಗಂಟೆಗೆ ಟೆಂಟಿನ ಜಿಪ್ ಎಳೆದು ಚಳಿಯಲ್ಲಿ ಹೊರಗೆ ಓಡುವವರಿಗೆ ಇಷ್ಟು ಸಮಾಧಾನ ಇರಲಿ, ದೇಹ ಸರಿಯಾದ ಕೆಲಸ ಮಾಡುತ್ತಿದೆ. ರಕ್ತದಲ್ಲಿ ಕೆಂಪುಕಣ ಹೆಚ್ಚಾಗುತ್ತದೆ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೇವಲ್ಲ, ಅದಕ್ಕೆ ವಾರಗಳೇ ಬೇಕು. ಅಷ್ಟು ಹೊತ್ತಿಗೆ ನಾವು ವಾಪಸ್ ಬಂದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುತ್ತೇವೆ.

ಲೇಹ್‌ನಲ್ಲಿ ನಾವು ಮಾಡಿದ್ದು ಹೆಚ್ಚೂಕಮ್ಮಿ ಏನೂ ಇಲ್ಲ. ಗೆಸ್ಟ್‌ಹೌಸಿನ ಹಿತ್ತಲಿನಲ್ಲಿ ಏಪ್ರಿಕಾಟ್ ಮರ, ಅದರ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಮನೆಯ ಯಜಮಾನಿಯನ್ನು ಎಲ್ಲರೂ ಆಮಾ-ಲೇ ಅಂತ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಬೆಳಿಗ್ಗೆ ಜುಲೇ ಅಂತ ನಮಸ್ಕಾರ ಹೇಳಿ ಟೀ ಇಟ್ಟು ಹೋದರೆ ಮತ್ತೆ ಬರುವುದು ಊಟದ ಹೊತ್ತಿಗೆ. ಗೆಳೆಯನಿಗೆ ಇದು ತಡೆಯಲಾಗಲಿಲ್ಲ. "ಏನೋ ಇದು, ಇಷ್ಟು ದುಡ್ಡು ಕೊಟ್ಟು ಬಂದು ಸುಮ್ನೆ ಕೂತಿದ್ದೀವಲ್ಲೋ" ಅಂದ. ಶಾಂತಿ ಸ್ತೂಪಕ್ಕಾದರೂ ಹೋಗೋಣ ಅಂತ ಎದ್ದ. ಮಹಡಿಯ ಮೆಟ್ಟಿಲು ಹತ್ತಿ ಕ್ಯಾಮೆರಾ ತರುವಷ್ಟರಲ್ಲಿ ಮುಖ ಬಿಳಿಚಿತ್ತು. ಕುಮಾರ ಪರ್ವತದ ಗಂಡು ಹದಿನೆಂಟು ಮೆಟ್ಟಿಲಿಗೆ ಸುಸ್ತಾಗಿದ್ದ. ವಾಪಸ್ ಬಂದು ಕುರ್ಚಿಯಲ್ಲಿ ಕೂತ.

ರಜೆ ಹಾಕಿ ಬಂದವರಿಗೆ ಇಂಥ ದಿನಗಳು ದಂಡ ಅನ್ನಿಸುತ್ತವೆ. ಎರಡು ವಾರಾಂತ್ಯದ ಮಧ್ಯೆ ಐದು ದಿನ ರಜೆ ಸಿಕ್ಕಿರುತ್ತದೆ. ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು. ದಿನ ಕಡಿಮೆ ಬಿದ್ದಾಗ ನಾವು ಕತ್ತರಿ ಹಾಕುವುದು ಇಂಥ ಖಾಲಿ ದಿನಗಳಿಗೇ, ಚಿಕ್ಕ ಕ್ಯಾಂಪುಗಳಿಗೇ. ಕೆಂಪು ಚುಕ್ಕೆಯನ್ನು ಯಾರೂ ಕತ್ತರಿಸುವುದಿಲ್ಲ.

ಟ್ರೆಕ್ ಬೇಡ, ಕಾರಿನಲ್ಲಿ ಹೋಗುವವರಿಗೂ ಇದೇ ಲೆಕ್ಕ. ಲಡಾಖ್ ಅಂದರೆ ಖಾರ್ದುಂಗ್ ಲಾ ಎಂಬ ಘಾಟಿಯ ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ಅಲ್ಲಿನ ಫಲಕದಲ್ಲಿ 18,380 ಅಡಿ ಅಂತ ಬರೆದಿದ್ದ ಕಾಲದಲ್ಲಿ ಸಾವಿರಾರು ಜನ ಅದರ ಮುಂದೆ ಫೋಟೋ ತೆಗೆಸಿಕೊಂಡರು. ಸರಿಯಾದ ಅಳತೆ 5,359 ಮೀಟರ್, ಅಂದರೆ 17,582 ಅಡಿ. ಅದು ಹೇಗೂ ಇರಲಿ. ಆ ಘಾಟಿ ದಾಟಿದರೆ ಮಲಗುವುದು ನುಬ್ರಾದ ದಿಸ್ಕಿತ್ ಅಥವಾ ಹುಂಡರ್‌ನಲ್ಲಿ, ಅದು ಸುಮಾರು 3,100 ಮೀಟರ್. ಲೇಹ್‌ಗಿಂತ ಕೆಳಗೆ! ಮೇಲೆ ಹದಿನೈದು ನಿಮಿಷ ನಿಂತು, ಟೀ ಕುಡಿದು ಇಳಿದರೆ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಪಾಂಗಾಂಗ್ ಸರೋವರದ ಹೆಸರಿಗೆ ಮಾತ್ರ ಯಾರೂ ಹೆದರುವುದಿಲ್ಲ. ನೀಲಿ ನೀರು, ದಡದಲ್ಲಿ ಟೆಂಟು. ಆ ಟೆಂಟಿನ ಎತ್ತರ 4,200 ಮೀಟರ್‌ಗೂ ಮೇಲೆ. ಲೇಹ್‌ಗೆ ಬಂದ ಮರುದಿನವೇ ಅಲ್ಲಿಗೆ ಹೋಗಿ ಮಲಗಿದರೆ ತಲೆನೋವು ಶುರುವಾಗುವುದು ಊಟ ಮುಗಿದ ಮೇಲೆ, ಆಸ್ಪತ್ರೆ ದೂರ ಇರುವ ಹೊತ್ತಿನಲ್ಲಿ. ಮನಾಲಿ ಕಡೆಯಿಂದ ರಸ್ತೆಯಲ್ಲಿ ಬರುವವರಿಗೆ ಸರ್ಚು ಇದೇ ಕೆಲಸ ಮಾಡುತ್ತದೆ. ಮನಾಲಿ ಸುಮಾರು 2,000 ಮೀಟರ್, ಸರ್ಚು 4,290. ಒಂದೇ ಹಗಲಿನಲ್ಲಿ ಅಷ್ಟು ಹತ್ತಿ ಅಲ್ಲೇ ಕಂಬಳಿ ಹೊದ್ದುಕೊಳ್ಳುತ್ತಾರೆ. ಜಿಸ್ಪಾದಲ್ಲಿ, 3,200 ಮೀಟರ್‌ನಲ್ಲಿ, ಒಂದು ರಾತ್ರಿ ಉಳಿದು, ಮರುದಿನ ಬೇಗ ಹೊರಟು ಸರ್ಚು ದಾಟಿಬಿಟ್ಟರೆ ಎಷ್ಟೋ ವಾಸಿ.

ನಿದ್ದೆಯಲ್ಲಿ ಯಾಕೆ ಜಾಸ್ತಿ ತೊಂದರೆ ಅಂದರೆ, ಮಲಗಿದಾಗ ಉಸಿರು ಸಹಜವಾಗಿಯೇ ತಗ್ಗುತ್ತದೆ. ಎಚ್ಚರ ಇರುವಾಗ ಸಿಗುತ್ತಿದ್ದಷ್ಟು ಆಮ್ಲಜನಕವೂ ಆಗ ಸಿಗುವುದಿಲ್ಲ. ಮೇಲಾಗಿ ಕಾಯಿಲೆಯ ಲಕ್ಷಣಗಳು ತಲುಪಿದ ಕೂಡಲೇ ಬರುವುದಿಲ್ಲ, ಕೆಲವು ಗಂಟೆ ತಡವಾಗಿ ಬರುತ್ತವೆ. ಹಾಗಾಗಿ ವೈದ್ಯರು ಹೇಳುವ ನಿಯಮವೂ ಮಲಗುವ ಜಾಗದ ಮೇಲೇ ನಿಂತಿದೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲಿನಲ್ಲಿ ಎಷ್ಟು ಹತ್ತಿದಿರಿ ಅನ್ನುವುದರ ಬಗ್ಗೆ ಆ ನಿಯಮಕ್ಕೆ ಅಷ್ಟೇನೂ ತಲೆಬಿಸಿ ಇಲ್ಲ.

ಇದನ್ನು ನಮ್ಮ ದೇಶ ಕಲಿತದ್ದು ಸುಲಭವಾಗಿ ಅಲ್ಲ. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಯಾರೂ ಮುದುಕರಲ್ಲ, ರೋಗಿಗಳಲ್ಲ. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹೀಗೆ ಕಾಯಿಲೆ ಬಿದ್ದ 1,925 ಸೈನಿಕರ ವಿವರ ಕಲೆಹಾಕಿ 1969ರಲ್ಲಿ ಪ್ರಕಟಿಸಿದರು. ಎತ್ತರದ ಕಾಯಿಲೆಯ ಬಗ್ಗೆ ಇವತ್ತಿಗೂ ಜಗತ್ತು ಉಲ್ಲೇಖಿಸುವ ಕೆಲಸ ಅದು. ಈಗ ನಮ್ಮ ಸೇನೆ ಹೊಸಬರನ್ನು ಹಂತಹಂತವಾಗಿ ಮೇಲೆ ಕಳಿಸುತ್ತದೆ. 2,700ರಿಂದ 3,600 ಮೀಟರ್‌ವರೆಗೆ ಆರು ದಿನ. 4,500 ಮೀಟರ್‌ವರೆಗೆ ಇನ್ನೂ ನಾಲ್ಕು ದಿನ. ಅದರಾಚೆಗೆ ಮತ್ತೆ ನಾಲ್ಕು. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಇಪ್ಪತ್ತರ ಹರೆಯದ, ದಿನಾ ಕಸರತ್ತು ಮಾಡುವ ಜವಾನನಿಗೆ ಹದಿನಾಲ್ಕು ದಿನ ಕೊಡುತ್ತಾರೆ. ನಲವತ್ತು ದಾಟಿದ, ಲ್ಯಾಪ್‌ಟಾಪ್ ಮುಂದೆ ಕೂತು ಬಂದ ನಾವು ಎರಡೇ ದಿನದಲ್ಲಿ ಮುಗಿಸುತ್ತೇವೆ ಅನ್ನುತ್ತೇವೆ.

ನೇಪಾಳದ ಕಡೆಯೂ ಇದೇ ಕಥೆ. ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯ ಫೆರಿಚೆ ಎಂಬ ಹಳ್ಳಿಯಲ್ಲಿ ಪೀಟರ್ ಹ್ಯಾಕೆಟ್ ಮತ್ತು ಡ್ರಮಂಡ್ ರೆನಿ ಎಂಬ ವೈದ್ಯರು 278 ಚಾರಣಿಗರನ್ನು ಪರೀಕ್ಷಿಸಿದರು. 1976ರಲ್ಲಿ ಅದರ ಫಲಿತಾಂಶ ಬಂತು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಎತ್ತರದ ಕಾಯಿಲೆಯ ಲಕ್ಷಣ ಇತ್ತು. ಆ ದಾರಿಯ ಲುಕ್ಲಾ ಎಂಬ ಊರಿಗೆ ವಿಮಾನದಲ್ಲಿ ಬಂದಿಳಿದವರಿಗೆ ಜಾಸ್ತಿ, ಕೆಳಗಿನಿಂದ ನಡೆದು ಬಂದವರಿಗೆ ಕಮ್ಮಿ.

ಚಿಲ್ಲಿಂಗ್ ಹತ್ತಿರ ಜನ್ಸ್ಕಾರ್ ನದಿ ದಾಟಿ ನಾವು ನಡೆಯಲು ಶುರುಮಾಡಿದೆವು. ಹಿಂದೆಲ್ಲ ಇಲ್ಲಿ ತಂತಿಗೆ ನೇತುಹಾಕಿದ ತೊಟ್ಟಿಲಲ್ಲಿ ಕೂರಿಸಿ ಆಚೆ ದಡಕ್ಕೆ ಎಳೆದುಕೊಳ್ಳುತ್ತಿದ್ದರು. ಈಗ ಸೇತುವೆ ಇದೆ, ರಸ್ತೆ ಕಣಿವೆಯೊಳಕ್ಕೂ ಬರುತ್ತಿದೆ. ಸ್ಕಿಯು, ಮಾರ್ಖಾ, ಹಂಕರ್. ಬರೀ ಕಲ್ಲುಮಣ್ಣಿನ ಬೆಟ್ಟಗಳ ನಡುವೆ ಇದ್ದಕ್ಕಿದ್ದಂತೆ ಬಾರ್ಲಿ ಹೊಲದ ಹಸಿರು. ದಾರಿಯಲ್ಲಿ ಅಲ್ಲಲ್ಲಿ ಸೇನೆಯ ಹಳೆಯ ಪ್ಯಾರಾಚೂಟ್ ಬಿಚ್ಚಿ ಕಟ್ಟಿದ ಡೇರೆಗಳು. ಒಳಗೆ ಊರಿನ ಹೆಂಗಸರು ಟೀ, ಮ್ಯಾಗಿ ಮಾರುತ್ತಾರೆ. ಹೊಳೆ ದಾಟುವಾಗ ಬೂಟು ಬಿಚ್ಚಿ ಚಪ್ಪಲಿ ಹಾಕಬೇಕು. ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಮಧ್ಯಾಹ್ನ ಹಿಮ ಕರಗಿ ತೊಡೆಗೆ ಬಂದಿರುತ್ತದೆ. ಈ ದಿನಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಡೆದೆವು, ತಿಂದೆವು, ಮಲಗಿದೆವು. ರಾತ್ರಿಯ ಎತ್ತರ 3,400ರಿಂದ 3,700ಕ್ಕೆ, ಅಲ್ಲಿಂದ 4,000ದ ಹತ್ತಿರಕ್ಕೆ ನಿಧಾನವಾಗಿ ಏರುತ್ತಿತ್ತು.

ಹಂಕರ್ ಆದ ಮೇಲೆ ಈ ದಾರಿಯ ನಿಜವಾದ ಪ್ರಶ್ನೆ ಬರುತ್ತದೆ. ಮುಂದಿನ ದೊಡ್ಡ ಕ್ಯಾಂಪ್ ನಿಮಾಲಿಂಗ್, 4,800 ಮೀಟರ್ ಹತ್ತಿರ. ಹಂಕರ್‌ನಿಂದ ಒಂದೇ ದಿನದಲ್ಲಿ ನಡೆದು ತಲುಪಬಹುದು, ಎಷ್ಟೋ ಜನ ತಲುಪುತ್ತಾರೆ. ಅಂದರೆ ಒಂದೇ ರಾತ್ರಿಗೆ 800 ಮೀಟರ್ ಜಿಗಿತ. ಮಧ್ಯದಲ್ಲಿ ತಾಚುಂಗ್ತ್ಸೆ ಎಂಬ ಜಾಗ ಇದೆ, ಸುಮಾರು 4,250 ಮೀಟರ್. ಊರಿಲ್ಲ, ಅಂಗಡಿಯಿಲ್ಲ. ಹೊಳೆಯ ಪಕ್ಕ ಸ್ವಲ್ಪ ಹುಲ್ಲು, ಅಷ್ಟೇ. ಹಂಕರ್‌ನಿಂದ ಹೊರಟರೆ ಮಧ್ಯಾಹ್ನದೊಳಗೆ ಅಲ್ಲಿರುತ್ತೀರಿ. ಬಿಸಿಲು ಇನ್ನೂ ನೆತ್ತಿಯ ಮೇಲಿರುವಾಗ ನಮ್ಮ ಲಡಾಖಿ ಗೈಡ್ ಬ್ಯಾಗ್ ಇಳಿಸಿ, "ಸರ್, ಇವತ್ತು ಇಲ್ಲೇ" ಅಂದ. ಗೆಳೆಯ ನನ್ನ ಮುಖ ನೋಡಿದ. "ಇನ್ನೂ ಮೂರು ಗಂಟೆ ಆರಾಮಾಗಿ ನಡೀಬಹುದು ಕಣೋ" ಅಂದ. ಗೈಡ್ ವಾದ ಮಾಡಲಿಲ್ಲ. ಕುದುರೆಗಳ ಮೇಲಿನ ಮೂಟೆ ಆಗಲೇ ಬಿಚ್ಚಿಸಿದ್ದ.

ಟೆಂಟ್ ಹಾಕುವುದಕ್ಕೂ ಅವನದೇ ನಿಯಮಗಳಿದ್ದವು. ಒಣಗಿದ ತೊರೆಯ ಪಾತ್ರ ಎಷ್ಟೇ ಸಮತಟ್ಟಾಗಿರಲಿ, ಅಲ್ಲಿ ಬೇಡ. 2010ರ ಆಗಸ್ಟಿನಲ್ಲಿ ಮೇಘಸ್ಫೋಟವಾಗಿ ಲೇಹ್ ಸುತ್ತಮುತ್ತ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದನ್ನು ಲಡಾಖಿಗಳು ಮರೆತಿಲ್ಲ. ಬಾಗಿಲು ಗಾಳಿ ಬೀಸುವ ಕಡೆಗೆ ಇರಬಾರದು. ಗೂಟ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಮೇಲೆ ಕಲ್ಲು ಹೇರಬೇಕು. ಟಾಯ್ಲೆಟ್ ಗುಂಡಿ ನೀರಿನಿಂದ ದೂರ. ಇಷ್ಟೆಲ್ಲ ಮುಗಿದ ಮೇಲೆ ಮಲಗಲು ಬಿಡಲಿಲ್ಲ. ಟೀ ಕುಡಿಸಿ, ಬ್ಯಾಗಿಲ್ಲದೆ ಪಕ್ಕದ ಇಳಿಜಾರಿನಲ್ಲಿ ಇನ್ನೂರು ಮುನ್ನೂರು ಮೀಟರ್ ಮೇಲಕ್ಕೆ ಹತ್ತಿಸಿದ. ಅಲ್ಲಿ ಸುಮಾರು ಹೊತ್ತು ಕೂರಿಸಿ ವಾಪಸ್ ಇಳಿಸಿದ. ಮಾರ್ಮಟ್‌ಗಳು ಬಿಲದಿಂದ ಎದ್ದು ನಿಂತು ನಮ್ಮನ್ನು ನೋಡಿ ಸಿಳ್ಳೆ ಹಾಕುತ್ತಿದ್ದವು. ದಪ್ಪಗೆ, ಸೋಮಾರಿಯಾಗಿ ಬಿಸಿಲು ಕಾಯಿಸುವ ಆ ಪ್ರಾಣಿಗಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲೇ.

ಅಡುಗೆಯವನು ನೇಪಾಳದವನು. ಅವನ ಕಿಚನ್ ಟೆಂಟ್ ಇಡೀ ಕ್ಯಾಂಪಿನಲ್ಲಿ ಬೆಚ್ಚಗಿರುವ ಒಂದೇ ಜಾಗ, ಹಾಗಾಗಿ ಏನಾದರೂ ನೆಪ ಹೇಳಿ ಎಲ್ಲರೂ ಅಲ್ಲೇ ಸೇರುತ್ತಿದ್ದೆವು. ಎತ್ತರ ಏರಿದ ಹಾಗೆ ನೀರು ಬೇಗ ಕುದಿಯುತ್ತದೆ. ನಿಮಾಲಿಂಗ್‌ನಲ್ಲಿ ಸುಮಾರು 84 ಡಿಗ್ರಿಗೇ ಕುದಿಯಲು ಶುರು. ಅಷ್ಟು ಶಾಖಕ್ಕೆ ಬೇಳೆ ಬೇಯುವುದೇ ಇಲ್ಲ. ಪ್ರೆಶರ್ ಕುಕ್ಕರ್ ಇಲ್ಲದಿದ್ದರೆ ಹಿಮಾಲಯದ ಟ್ರೆಕ್ಕುಗಳಲ್ಲಿ ದಾಲ್ ಅನ್ನೋದೇ ಇರುತ್ತಿರಲಿಲ್ಲ. ಕುದಿಸಿದ ಟೀ ಬೇಗ ಕುಡಿಯುವ ಹದಕ್ಕೆ ಬರುತ್ತದೆ ಅನ್ನುವುದೊಂದೇ ಲಾಭ. ದಿನಾ ಸಂಜೆ ಬೆಳ್ಳುಳ್ಳಿ ಸೂಪ್ ಕೊಡುತ್ತಿದ್ದ, ಎತ್ತರಕ್ಕೆ ಒಳ್ಳೆಯದು ಅನ್ನುತ್ತಿದ್ದ. ಬೆಳ್ಳುಳ್ಳಿಗೆ ಅಂಥ ಶಕ್ತಿ ಇದೆ ಅನ್ನಲು ಗಟ್ಟಿ ಆಧಾರ ಇಲ್ಲ. ಆದರೆ ಊಟ ಸೇರದ ಹೊತ್ತಿನಲ್ಲಿ ಒಂದು ಬಟ್ಟಲು ಬಿಸಿನೀರು, ಉಪ್ಪು ಹೊಟ್ಟೆಗೆ ಹೋಗುತ್ತದಲ್ಲ, ಅದೇನು ಕಮ್ಮಿಯೇ? ಕರ್ಪೂರದ ವಿಷಯದಲ್ಲಿ ನಾನು ಇಷ್ಟು ಧಾರಾಳಿ ಅಲ್ಲ. ನಮ್ಮ ಕಡೆಯಿಂದ ಲಡಾಖ್, ಅಮರನಾಥ, ಕೈಲಾಸ ಅಂತ ಹೋಗುವವರು ಕರವಸ್ತ್ರದಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುತ್ತಿರುತ್ತಾರೆ. ಮೂಗು ಬಿಟ್ಟುಕೊಂಡ ಹಾಗೆ ಅನ್ನಿಸುತ್ತದೆ, ರಕ್ತದಲ್ಲಿ ಆಮ್ಲಜನಕ ಒಂದು ಚೂರೂ ಏರುವುದಿಲ್ಲ.

ರಾತ್ರಿ ಸ್ಲೀಪಿಂಗ್ ಬ್ಯಾಗಿನ ಒಳಗೆ ನಾವು ಮಾತ್ರ ಮಲಗುವುದಿಲ್ಲ. ಫೋನ್, ಕ್ಯಾಮೆರಾ ಬ್ಯಾಟರಿ, ಹೆಡ್‌ಲ್ಯಾಂಪ್, ನಾಳೆಯ ಸಾಕ್ಸು, ಬಿಸಿನೀರು ತುಂಬಿದ ಬಾಟಲಿ, ಎಲ್ಲ ಒಳಗೆ. ಬಾಟಲಿಯನ್ನು ಸಾಕ್ಸಿಗೆ ತುರುಕಿ ಕಾಲ ಬುಡದಲ್ಲಿ ಇಟ್ಟರೆ ಅರ್ಧ ರಾತ್ರಿ ಸುಖ, ಬೆಳಿಗ್ಗೆ ಅದೇ ನೀರು ಕುಡಿಯಬಹುದು. ಉಸಿರಿನ ಆವಿ ಟೆಂಟಿನ ಒಳಮೈಗೆ ಹೆಪ್ಪುಗಟ್ಟಿ ಕೂರುತ್ತದೆ. ಯಾರಾದರೂ ಅಲುಗಾಡಿದರೆ ಪುಡಿಹಿಮ ಮುಖದ ಮೇಲೆ.

ತಾಚುಂಗ್ತ್ಸೆಯಲ್ಲಿ ನನಗೆ ನಡುರಾತ್ರಿ ಎಚ್ಚರವಾಯಿತು. ಪಕ್ಕದಲ್ಲಿ ಗೆಳೆಯನ ಉಸಿರು ನಿಂತಿತ್ತು. ನಾನು ಎಣಿಸಲು ಶುರುಮಾಡಿದೆ. ಹತ್ತು ಎನ್ನುವಷ್ಟರಲ್ಲಿ ಅವನು ನೀರಿನಿಂದ ಎದ್ದವನ ಹಾಗೆ ದೊಡ್ಡದಾಗಿ ಉಸಿರೆಳೆದ. ಆಮೇಲೆ ನಾಲ್ಕೈದು ಜೋರು ಉಸಿರು, ನಿಧಾನ, ಇನ್ನೂ ನಿಧಾನ, ಮತ್ತೆ ನಿಂತಿತು. ಓದಿ ತಿಳಿದಿದ್ದ ವಿಷಯವೇ. ಜೋರಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಇಳಿದರೆ ಮಲಗಿರುವ ಮೆದುಳಿಗೆ ಉಸಿರಾಡಬೇಕು ಅಂತಲೇ ಅನ್ನಿಸುವುದಿಲ್ಲ, ಕೊನೆಗೆ ಆಮ್ಲಜನಕ ಇಳಿದಾಗ ಗಾಬರಿಯಿಂದ ಎಳೆಯುತ್ತದೆ. ಎತ್ತರದಲ್ಲಿ ಬಹಳ ಜನರಿಗೆ ಆಗುತ್ತದೆ, ಅಪಾಯವಲ್ಲ. ಗೊತ್ತಿದ್ದರೂ ನಾನು ಬಹಳ ಹೊತ್ತು ಎಣಿಸುತ್ತಲೇ ಇದ್ದೆ. ಬೆಳಿಗ್ಗೆ ಹೇಳಿದರೆ ಅವನು, "ನಿಂದೂ ಹಾಗೇ ಆಗ್ತಿತ್ತು ಮಾರಾಯ, ನಾನೂ ಎಣಿಸ್ತಿದ್ದೆ" ಅಂದ.

ಮರುದಿನ ನಿಮಾಲಿಂಗ್. ವಿಶಾಲವಾದ ಹುಲ್ಲುಗಾವಲು, ಎದುರಿಗೆ 6,400 ಮೀಟರ್ ಎತ್ತರದ ಕಾಂಗ್ ಯಾತ್ಸೆ. ಬೇಸಿಗೆಯಲ್ಲಿ ಕಣಿವೆಯ ಹಳ್ಳಿಗಳವರು ಕುರಿ, ಮೇಕೆ, ಯಾಕ್‌ಗಳನ್ನು ಇಲ್ಲಿಗೆ ಹೊಡೆದುಕೊಂಡು ಬರುತ್ತಾರೆ. ಮಧ್ಯಾಹ್ನವಾದರೆ ಗಾಳಿ ಟೆಂಟನ್ನು ಹಿಡಿದು ಜಗ್ಗುತ್ತದೆ. ಆಗಸ್ಟಿನಲ್ಲೂ ರಾತ್ರಿ ಸೊನ್ನೆಗಿಂತ ಕೆಳಗೆ. ಈ ಜಾಗದ ಅಂದ ಎಲ್ಲರಿಗೂ ಕಾಣುತ್ತದೆ. ಇದೊಂದು ಬೋನು ಅನ್ನುವುದು ನಕಾಶೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮುಂದೆ ಹೋಗಬೇಕಾದರೆ 5,200 ಮೀಟರ್ ಆಸುಪಾಸಿನ ಕೊಂಗ್ಮರು ಲಾ ಹತ್ತಬೇಕು. ಕೆಳಗೆ ಇಳಿಯಬೇಕಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಗಂಟೆಗಟ್ಟಲೆ ನಡೆಯಬೇಕು.

ಆವತ್ತು ಸಂಜೆ ಪಕ್ಕದ ತಂಡದ ಒಬ್ಬ ಹುಡುಗನಿಗೆ ಹೀಗಾಯಿತು. ಅವರು ಲೇಹ್‌ನಲ್ಲಿ ಹೆಚ್ಚು ದಿನ ನಿಂತಿರಲಿಲ್ಲ, ಹಂಕರ್‌ನಿಂದ ನೇರ ಬಂದಿದ್ದರು. ಹುಡುಗನಿಗೆ ಬೆಳಿಗ್ಗೆಯಿಂದಲೇ ತಲೆನೋವು ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಸಂಜೆ ಎರಡು ಸಲ ವಾಂತಿ. ನಮ್ಮ ಗೈಡ್ ಹೋಗಿ ಅವನನ್ನು ಎಬ್ಬಿಸಿ, ನೆಲದ ಮೇಲೆ ಕಾಲಲ್ಲಿ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿಕೊಂಡು ನಡಿ ಅಂದ. ನಾಲ್ಕನೇ ಹೆಜ್ಜೆಗೆ ಹುಡುಗ ವಾಲಿದ. ಬರೀ ತಲೆನೋವಾದರೆ ಅದೇ ಎತ್ತರದಲ್ಲಿ ನಿಂತು ಕಾಯಬಹುದು. ನಡಿಗೆ ತಪ್ಪಿದರೆ ಮೆದುಳು ಊದಿಕೊಳ್ಳುತ್ತಿರಬಹುದು ಅಂತಲೇ ತಿಳಿಯಬೇಕು, ಆಮೇಲೆ ಕಾಯುವ ಮಾತಿಲ್ಲ. ಅವರ ತಂಡದಲ್ಲಿ ಒಂದು ವಾದ ಎದ್ದಿತು. ಬೆಳಿಗ್ಗೆ ಬೇಗ ಹೊರಟು ಕೊಂಗ್ಮರು ಲಾ ದಾಟಿಸೋಣ, ಆಚೆ ಕಡೆ ಒಂದೇ ಸಮ ಇಳಿಜಾರು, ಮಧ್ಯಾಹ್ನಕ್ಕೆ ಕೆಳಗೆ ಇರ್ತೀವಿ ಅಂತ. ಕೇಳುವುದಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಆದರೆ ಅದಕ್ಕೆ ಮೊದಲು ಇಡೀ ರಾತ್ರಿ ಅಲ್ಲೇ ಮಲಗಿಸಬೇಕು, ಆಮೇಲೆ ಇನ್ನೂ 400 ಮೀಟರ್ ಮೇಲೆ ಹತ್ತಿಸಬೇಕು. ನಮ್ಮ ಗೈಡ್ ಹೇಳಿದ್ದು ಎರಡೇ ಮಾತು. ಈಗಲೇ, ಹಿಂದಕ್ಕೆ. ಅವರ ಬಳಿ ಇದ್ದ ಆಮ್ಲಜನಕದ ಸಿಲಿಂಡರ್ ಹಾಕಿ, ಕುದುರೆ ಮೇಲೆ ಕೂರಿಸಿ, ಹೆಡ್‌ಲ್ಯಾಂಪ್ ಹೊತ್ತಿಸಿಕೊಂಡು ನಾಲ್ಕು ಜನ ಹೊರಟರು. ತಾಚುಂಗ್ತ್ಸೆ ದಾಟುವಾಗಲೇ ಹುಡುಗ ಮಾತಾಡತೊಡಗಿದ್ದನಂತೆ. ಹಂಕರ್‌ನಲ್ಲಿ ಬೆಳಿಗ್ಗೆ ಟೀ ಕುಡಿದ ಅಂತ ಕುದುರೆಯವನು ವಾಪಸ್ ಬಂದು ಹೇಳಿದ. ಮೇಲೆ ಬರಲು ಕೊಟ್ಟ ದುಡ್ಡು, ರಜೆ, ಮನೆಯವರಿಗೆ ಹೇಳಿದ ಮಾತು, ಇವೆಲ್ಲ ಸೇರಿ ಬಾಯಿ ಕಟ್ಟಿಸುತ್ತವೆ. ತಲೆನೋವು ಅಂದರೆ ಎಲ್ಲಿ ಇಳಿಸಿಬಿಡುತ್ತಾರೋ ಅನ್ನುವ ಭಯ.

ನಮ್ಮ ಗೈಡಿಗೆ ಇದು ಚೆನ್ನಾಗಿ ಗೊತ್ತಿತ್ತು. ಊಟದ ಟೆಂಟಿನಲ್ಲಿ ಎಲ್ಲರ ಎದುರು ಅವನು ಯಾವತ್ತೂ ಆರೋಗ್ಯ ಕೇಳುತ್ತಿರಲಿಲ್ಲ. ಅಲ್ಲಿ ಕೇಳಿದರೆ ಎಲ್ಲರೂ ಆರಾಮ್ ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರ ಟೆಂಟಿಗೆ ಬಂದು, ಜಿಪ್ ಅರ್ಧ ತೆಗೆದು, ತಲೆನೋವಿದೆಯಾ, ತಿಂದದ್ದು ಸೇರಿತಾ, ಒಂದಕ್ಕೆ ಎಷ್ಟು ಸಲ ಹೋದಿರಿ, ನಿನ್ನೆ ನಿದ್ದೆ ಬಂತಾ ಅಂತ ಕೇಳುತ್ತಿದ್ದ. ಬೆರಳಿಗೆ ಆಕ್ಸಿಮೀಟರ್ ಹಾಕಿಯೂ ನೋಡುತ್ತಿದ್ದ, ಆದರೆ ಅದರ ಸಂಖ್ಯೆಯನ್ನು ನಮಗೆ ಹೇಳುತ್ತಿರಲಿಲ್ಲ. ಕೋವಿಡ್ ಆದ ಮೇಲೆ ನಮಗೆಲ್ಲ ಆ ಸಂಖ್ಯೆಯ ಹುಚ್ಚು ಹಿಡಿದಿದೆ. ಊರಿನಲ್ಲಿ 85 ಬಂದರೆ ಆಸ್ಪತ್ರೆಗೆ ಓಡಬೇಕು, ನಿಮಾಲಿಂಗ್‌ನಲ್ಲಿ 85 ಬಂದವನು ಎರಡು ತಟ್ಟೆ ಅನ್ನ ತಿನ್ನುತ್ತಿರುತ್ತಾನೆ. ಬೆರಳು ತಣ್ಣಗಿದ್ದರೆ ಸಂಖ್ಯೆಯೇ ಸುಳ್ಳು. ಯಂತ್ರಕ್ಕಿಂತ ಆ ನಾಲ್ಕು ಪ್ರಶ್ನೆ ನನಗೆ ಹೆಚ್ಚು ನಂಬಿಕೆಯವು.

ಎತ್ತರದ ಕಾಯಿಲೆ ಬಾರದಿರಲಿ ಅಂತ ನುಂಗುವ ಡೈಮಾಕ್ಸ್ ಮಾತ್ರೆಯ ಬಗ್ಗೆಯೂ ಒಂದು ಮಾತು. ಅದು ಲಕ್ಷಣಗಳನ್ನು ಮುಚ್ಚಿಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಮೂತ್ರಪಿಂಡ ಮಾಡುವ ಅದೇ ಕೆಲಸವನ್ನು ಅದು ಬೇಗ ಮಾಡಿಸುತ್ತದೆ. ಬೆರಳು ಜುಮುಜುಮು ಅನ್ನುತ್ತದೆ, ಸೋಡಾ ರುಚಿ ಕೆಡುತ್ತದೆ. ಸಲ್ಫಾ ಅಲರ್ಜಿ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು, ಇಲ್ಲದವರೂ ಕೇಳಿಯೇ ತೆಗೆದುಕೊಳ್ಳಬೇಕು. ಆದರೆ ಮಾತ್ರೆ ನುಂಗಿದ್ದೇವೆ ಅಂತ ಒಂದು ಕ್ಯಾಂಪ್ ಹಾರಿಸಿದರೆ, ಮಾತ್ರೆ ಕೊಟ್ಟದ್ದನ್ನೆಲ್ಲ ಆ ಜಿಗಿತ ವಾಪಸ್ ಕಿತ್ತುಕೊಳ್ಳುತ್ತದೆ.

ಕೊಂಗ್ಮರು ಲಾ ಬಗ್ಗೆ ಬರೆಯಲು ನನ್ನಲ್ಲಿ ನಿಜಕ್ಕೂ ಹೆಚ್ಚೇನಿಲ್ಲ. ಹತ್ತಿದೆವು, ಪ್ರಾರ್ಥನೆಯ ಬಾವುಟಗಳ ಹತ್ತಿರ ಫೋಟೋ ತೆಗೆದೆವು, ಗಾಳಿ ತಡೆಯಲಾಗದೆ ಇಳಿದೆವು. ಕೆಂಪು ಚುಕ್ಕೆ ಇದ್ದದ್ದು ಅಲ್ಲಿ. ಸಂಜೆಗೆ 3,700 ಮೀಟರ್ ಆಸುಪಾಸಿನ ಶಾಂಗ್ ಸುಮ್ದೊ. ಅಲ್ಲಿ ಗೆಳೆಯ ತಿಂದ ಅನ್ನ ನೋಡಿ ಅಡುಗೆಯವನು ಇನ್ನೊಂದು ಕುಕ್ಕರ್ ಇಟ್ಟ.

ಲೇಹ್‌ಗೆ ಹೋಗುವ ಜೀಪಿನಲ್ಲಿ ಗೈಡನ್ನು ಕೇಳಿದೆ, ನಿಮಗೆಲ್ಲ ಈ ತೊಂದರೆ ಬರುವುದೇ ಇಲ್ವಾ ಅಂತ. ಟಿಬೆಟಿನ ಕಡೆಯ ಜನರ ರಕ್ತದಲ್ಲಿ ಒಂದು ವಿಶೇಷ ಜೀನ್ ಇದೆ, ಅದು ಡೆನಿಸೋವನ್ ಎಂಬ ಅಳಿದುಹೋದ ಮಾನವರಿಂದ ಬಂದದ್ದು ಅಂತ 2014ರಲ್ಲಿ ವಿಜ್ಞಾನಿಗಳು ಹೇಳಿದ್ದನ್ನು ನಾನು ಓದಿದ್ದೆ. ಅದನ್ನೂ ಹೇಳಿದೆ. ಅವನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ತನ್ನ ತಮ್ಮನ ಕಥೆ ಹೇಳಿದ. ತಮ್ಮ ಚಿಕ್ಕ ವಯಸ್ಸಿಗೇ ಸನ್ಯಾಸಿಯಾಗಿ ಓದಲು ಹೋಗಿದ್ದಾನೆ, ನಮ್ಮ ಮುಂಡಗೋಡಿಗೆ. ಅಲ್ಲಿನ ಟಿಬೆಟನ್ ಮಠಗಳಲ್ಲಿ ಲಡಾಖಿನ ಹುಡುಗರು ಬಹಳ ಇದ್ದಾರೆ. ನಾನು ಕರ್ನಾಟಕದವನು ಅಂತ ಮೊದಲ ದಿನವೇ ಗೊತ್ತಿದ್ದರೂ ಅವನು ಇದನ್ನು ಹೇಳಿದ್ದು ಕೊನೆಯ ದಿನ. ಕೆಲವು ವರ್ಷಕ್ಕೊಮ್ಮೆ ತಮ್ಮ ಊರಿಗೆ ಬರುತ್ತಾನೆ. ವಿಮಾನದಲ್ಲಿ ಬಂದಿಳಿದರೆ ಅವನಿಗೂ ತಲೆ ಸಿಡಿಯುತ್ತದಂತೆ, ಎರಡು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲವಂತೆ. ಅಷ್ಟು ದಿನ ಬಯಲಿನಲ್ಲಿ ಇದ್ದು ಬಂದರೆ ಊರಿನವನಿಗೂ ಹೊಸದಾಗಿ ಹೊಂದಿಕೊಳ್ಳಬೇಕು. ಅವನು ಬರುವುದು ಬಾರ್ಲಿ ಕಟಾವಿನ ಹೊತ್ತಿಗೆ. ಹೊಲದ ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಮಾಡ್ತಾನೆ ಅಂತ ಅಮ್ಮ ಪ್ರತಿ ಸಲ ಬೈಯುತ್ತಾರಂತೆ.